ಕ್ಲಿಯರ್ ಹೊಡೆದರೂ ಹಳೇ ಕಮಾಂಡ್ ವಾಪಸ್ ಬರುತ್ತದೆ, ಯಾಕೆ?

ಪ್ರಶ್ನೆ: ನಾನು ಲಿನಕ್ಸ್ ಕಲಿಯಲು ಶುರು ಮಾಡಿ ಕೆಲವು ತಿಂಗಳಾಯಿತು. ಕೆಲಸ ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಕ್ಲಿಯರ್ ಎಂದು ಹೊಡೆಯುತ್ತೇನೆ, ಸ್ಕ್ರೀನ್ ಖಾಲಿಯಾಗುತ್ತದೆ. ಆದರೆ ಮೇಲಿನ ಬಾಣದ ಕೀ ಒತ್ತಿದರೆ ಹಳೆಯ ಕಮಾಂಡ್‌ಗಳು ಒಂದೊಂದಾಗಿ ಬರುತ್ತವೆ. ಹಿಸ್ಟರಿ -ಸಿ ಕೊಟ್ಟು ನೋಡಿದೆ. ಆಗ ಹೋದಂತೆ ಕಂಡಿತು, ಹೊಸ ವಿಂಡೋ ತೆರೆದರೆ ಮತ್ತೆ ಎಲ್ಲ ಹಾಜರು! ಹೋದ ವಾರ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಹೋಗುವಾಗ ಪಾಸ್‌ವರ್ಡನ್ನೂ ಕಮಾಂಡ್ ಜೊತೆಗೇ ಟೈಪ್ ಮಾಡಿಬಿಟ್ಟಿದ್ದೇನೆ. ಈ ಕಂಪ್ಯೂಟರನ್ನು ಇನ್ನೊಬ್ಬರೂ ಬಳಸುತ್ತಾರೆ. ಎಲ್ಲವನ್ನೂ ಪೂರ್ತಿ ಅಳಿಸುವುದು ಹೇಗೆ?

ಉತ್ತರ: ಮೊದಲು ಆ ಪಾಸ್‌ವರ್ಡ್ ಬದಲಿಸಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಹೀಗೆ ಹೇಳಲು ಕಾರಣವಿದೆ. ಕಮಾಂಡ್ ಜೊತೆಗೆ ಟೈಪ್ ಮಾಡಿದ ಪಾಸ್‌ವರ್ಡ್ ಹಿಸ್ಟರಿಯಲ್ಲಿ ಮಾತ್ರ ಉಳಿಯುವುದಿಲ್ಲ. ಕಮಾಂಡ್ ಓಡುತ್ತಿರುವಾಗ ಅದೇ ಕಂಪ್ಯೂಟರ್‌ನಲ್ಲಿ ಬೇರೆಯವರು ಪಿಎಸ್ ಕಮಾಂಡ್ (ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವಂಥದ್ದು) ಕೊಟ್ಟರೆ ನಿಮ್ಮ ಸಾಲು ಅವರ ಕಣ್ಣಿಗೆ ಬೀಳಬಹುದು. ಸುಡೊ ಹಾಕಿ ಓಡಿಸಿದ್ದರೆ ಪೂರ್ತಿ ಸಾಲು ಸಿಸ್ಟಮ್ ಲಾಗ್‌ಗೂ ಹೋಗಿರುತ್ತದೆ. ರಾತ್ರಿ ಬ್ಯಾಕಪ್ ಆಗುವ ವ್ಯವಸ್ಥೆ ಇದ್ದರೆ ಅಲ್ಲೂ ಒಂದು ಪ್ರತಿ ಕೂತಿರುತ್ತದೆ. ಇವನ್ನೆಲ್ಲ ಹುಡುಕಿಕೊಂಡು ಹೋಗಿ ಅಳಿಸುವುದಕ್ಕಿಂತ ಪಾಸ್‌ವರ್ಡ್ ಬದಲಿಸುವುದು ಎರಡು ನಿಮಿಷದ ಕೆಲಸ. ಆಮೇಲೆ ಹಳೇ ಪಾಸ್‌ವರ್ಡ್ ಎಲ್ಲಿ ಬಿದ್ದಿದ್ದರೂ ಯಾರಿಗೂ ಉಪಯೋಗವಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ, ಉಳಿದೆಲ್ಲ ಸಣ್ಣ ಅಕ್ಷರ.

ಸ್ಕ್ರೀನ್ ಮೇಲೆ ಕಾಣುವುದಕ್ಕೂ ಹಿಸ್ಟರಿಗೂ ಸಂಬಂಧವೇ ಇಲ್ಲ. ಬೋರ್ಡ್ ಒರೆಸಿದರೆ ಮಕ್ಕಳ ನೋಟ್ಸ್ ಅಳಿಸಿಹೋಗುತ್ತದೆಯೇ? ಹಾಗೆಯೇ ಇದು. ಸ್ಕ್ರೀನ್ ನೋಡಿಕೊಳ್ಳುವುದು ಟರ್ಮಿನಲ್ ಎಂಬ ಪ್ರೋಗ್ರಾಮ್. ಕಮಾಂಡ್ ನೆನಪಿಟ್ಟುಕೊಳ್ಳುವುದು ಅದರೊಳಗೆ ಓಡುವ ಶೆಲ್ ಎಂಬ ಬೇರೆಯೇ ಪ್ರೋಗ್ರಾಮ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದು ಬ್ಯಾಶ್. ಕ್ಲಿಯರ್ ಮಾತನಾಡುವುದು ಟರ್ಮಿನಲ್ ಜೊತೆ ಮಾತ್ರ. ಶೆಲ್‌ಗೆ ಅದು ಏನನ್ನೂ ಹೇಳುವುದಿಲ್ಲ.

ಕ್ಲಿಯರ್ ಮಾಡುವುದಾದರೂ ಏನು? ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಅಕ್ಷರದಿಂದ ಶುರುವಾಗುವ ಒಂದೆರಡು ಸಂಕೇತಗಳನ್ನು ಟರ್ಮಿನಲ್‌ಗೆ ಕಳಿಸುತ್ತದೆ. ಒಂದು, ಕರ್ಸರನ್ನು ಮೇಲಿನ ಎಡಮೂಲೆಗೆ ಒಯ್ಯಿ ಎಂದು. ಇನ್ನೊಂದು, ಕಾಣುತ್ತಿರುವುದನ್ನೆಲ್ಲ ಅಳಿಸು ಎಂದು. 1978ರಲ್ಲಿ ಬಂದ ವಿಟಿ100 ಟರ್ಮಿನಲ್‌ಗೆ ಅರ್ಥವಾಗುತ್ತಿದ್ದ ಸಂಕೇತಗಳೇ ಇವತ್ತಿನ ಟರ್ಮಿನಲ್ ವಿಂಡೋಗೂ ಅರ್ಥವಾಗುತ್ತವೆ. ಈಚಿನ ಕ್ಲಿಯರ್ ಮೂರನೆಯದೊಂದನ್ನೂ ಕಳಿಸುತ್ತದೆ: ಮೇಲಕ್ಕೆ ಸ್ಕ್ರಾಲ್ ಮಾಡಿದರೆ ಸಿಗುವ ಹಳೇ ಸಾಲುಗಳನ್ನೂ ತೆಗೆದುಹಾಕು ಎಂದು. ಟರ್ಮಿನಲ್‌ಗೆ ಇದು ಗೊತ್ತಿದ್ದರೆ ಪಾಲಿಸುತ್ತದೆ, ಇಲ್ಲದಿದ್ದರೆ ಸುಮ್ನೆ ಬಿಡುತ್ತದೆ. ಅದಕ್ಕೇ ಒಂದು ಕಂಪ್ಯೂಟರ್‌ನಲ್ಲಿ ಕ್ಲಿಯರ್ ಕೊಟ್ಟ ಮೇಲೂ ಮೇಲಕ್ಕೆ ಸ್ಕ್ರಾಲ್ ಮಾಡಿ ಹಳೆಯದನ್ನು ಓದಬಹುದು, ಇನ್ನೊಂದರಲ್ಲಿ ಆಗುವುದಿಲ್ಲ. ಸ್ಕ್ರಾಲ್ ಉಳಿಯಬೇಕು, ಎದುರಿಗಿರುವುದು ಮಾತ್ರ ಹೋಗಬೇಕು ಎಂದಾದರೆ ಕ್ಲಿಯರ್ -ಎಕ್ಸ್ ಕೊಡಿ.

ನಾನಂತೂ ಕ್ಲಿಯರ್ ಎಂದು ಟೈಪ್ ಮಾಡುವುದೇ ಕಡಿಮೆ. ಕಂಟ್ರೋಲ್ ಹಿಡಿದು ಎಲ್ ಒತ್ತಿದರೆ ಸಾಕು. ಇದರಲ್ಲಿ ಎರಡು ಅನುಕೂಲ. ಅರ್ಧ ಟೈಪ್ ಮಾಡಿದ ಸಾಲು ಹಾಗೇ ಉಳಿದು ಮೇಲಕ್ಕೆ ಹೋಗಿ ಕೂರುತ್ತದೆ. ಮೈಎಸ್‌ಕ್ಯೂಎಲ್, ಪೈಥಾನ್ ಒಳಗಿದ್ದಾಗಲೂ ಸಾಮಾನ್ಯವಾಗಿ ನಡೆಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಕ್ಲಿಯರ್ ಎಂದು ಟೈಪ್ ಮಾಡಿದರೆ ಶೆಲ್‌ನಲ್ಲಿ ಆಗುವ ಕೆಲಸ ಆಗುವುದಿಲ್ಲ. ಆದರೆ ಸ್ಕ್ರಾಲ್‌ನಲ್ಲಿರುವುದನ್ನು ಕಂಟ್ರೋಲ್-ಎಲ್ ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತವರು ಮೌಸ್ ಚಕ್ರ ತಿರುಗಿಸಿದರೆ ಎಲ್ಲ ಕಾಣುತ್ತದೆ. ಅಂದಹಾಗೆ, ಎಲ್ ಅಕ್ಷರವೇ ಯಾಕೆ? ಆಸ್ಕಿ ಪಟ್ಟಿಯಲ್ಲಿ ಕಂಟ್ರೋಲ್-ಎಲ್‌ನ ಸಂಖ್ಯೆ 12. ಅದು ಪ್ರಿಂಟರ್‌ಗೆ ಈ ಹಾಳೆ ತಳ್ಳಿ ಹೊಸ ಹಾಳೆಗೆ ಹೋಗು ಎಂದು ಹೇಳುವ ಸಂಕೇತ. ಕಾಗದದ ಮೇಲೆ ಅಚ್ಚು ಹೊಡೆಯುತ್ತಿದ್ದ ಟೆಲಿಟೈಪ್ ಕಾಲದಲ್ಲಿ ಅಳಿಸುವ ಮಾತೇ ಇರಲಿಲ್ಲ, ಹೊಸ ಹಾಳೆ ಅಷ್ಟೇ.

ಮ್ಯಾಕ್‌ನ ಟರ್ಮಿನಲ್‌ನಲ್ಲಿ ಕಮಾಂಡ್ ಕೀ ಜೊತೆ ಕೆ ಒತ್ತಿದರೆ ಸ್ಕ್ರೀನ್, ಸ್ಕ್ರಾಲ್ ಎರಡೂ ಖಾಲಿ. ಕೆಡಿಇಯ ಕನ್ಸೋಲ್‌ನಲ್ಲಿ ಅದೇ ಕೆಲಸಕ್ಕೆ ಕಂಟ್ರೋಲ್-ಶಿಫ್ಟ್-ಕೆ. ಟಿಮಕ್ಸ್ (ಒಂದೇ ವಿಂಡೋದೊಳಗೆ ಹಲವು ಶೆಲ್ ನಡೆಸುವ ಪ್ರೋಗ್ರಾಮ್) ಬಳಸುತ್ತಿದ್ದರೆ ಅದು ತನ್ನದೇ ಸ್ಕ್ರಾಲ್ ಇಟ್ಟುಕೊಂಡಿರುತ್ತದೆ. ಟಿಮಕ್ಸ್ ಕ್ಲಿಯರ್-ಹಿಸ್ಟರಿ ಎಂದು ಕೊಟ್ಟರೆ ಅದು ಖಾಲಿಯಾಗುತ್ತದೆ. ಹೆಸರಲ್ಲಿ ಹಿಸ್ಟರಿ ಇದೆ ಎಂದು ಮೋಸ ಹೋಗಬೇಡಿ, ಅದು ಅಳಿಸುವುದು ಸ್ಕ್ರಾಲನ್ನು. ನಿಮ್ಮ ಕಮಾಂಡ್‌ಗಳನ್ನಲ್ಲ.

ಇನ್ನೊಂದು ಪರಿಸ್ಥಿತಿಯೂ ಎದುರಾಗುತ್ತದೆ. ಗೊತ್ತಿಲ್ಲದೆ ಒಂದು ಚಿತ್ರದ ಫೈಲನ್ನೋ ಜಿಪ್ ಫೈಲನ್ನೋ ಕ್ಯಾಟ್ ಕಮಾಂಡ್ ಕೊಟ್ಟು ಸ್ಕ್ರೀನ್ ಮೇಲೆ ಸುರಿದಿರಿ ಎನ್ನಿ. ಸ್ಕ್ರೀನ್ ತುಂಬ ವಿಚಿತ್ರ ಗುರುತುಗಳು, ಟೈಪ್ ಮಾಡಿದ್ದೂ ಏನೇನೋ ಆಗಿ ಕಾಣುತ್ತದೆ. ಇದಕ್ಕೆ ಕ್ಲಿಯರ್ ಸಾಲದು. ರೀಸೆಟ್ ಎಂದು ಕೊಡಿ. ಟೈಪ್ ಮಾಡಿದ್ದು ಕಾಣದಿದ್ದರೂ ಚಿಂತೆಯಿಲ್ಲ, ಕುರುಡಾಗಿ ಹೊಡೆಯಿರಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್-ಜೆ ಒತ್ತಿ, ರೀಸೆಟ್ ಹೊಡೆದು, ಮತ್ತೆ ಕಂಟ್ರೋಲ್-ಜೆ ಒತ್ತಿ.

ಈಗ ಹಿಸ್ಟರಿಗೆ ಬರೋಣ. ನಿಮಗೆ ತಲೆಕೆಡಿಸಿರುವುದು ಇದೇ ಅಲ್ವಾ?

ಬ್ಯಾಶ್‌ನಲ್ಲಿ ಹಿಸ್ಟರಿ ಎರಡು ಕಡೆ ಇರುತ್ತದೆ. ವಿಂಡೋ ತೆರೆದಾಗ ಬ್ಯಾಶ್ ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ .ಬ್ಯಾಶ್_ಹಿಸ್ಟರಿ ಎಂಬ ಫೈಲ್ ಓದಿ ಮೆಮೊರಿಗೆ ತುಂಬಿಕೊಳ್ಳುತ್ತದೆ. ಆಮೇಲೆ ನೀವು ಹೊಡೆಯುವ ಪ್ರತಿಯೊಂದು ಕಮಾಂಡ್ ಆ ಮೆಮೊರಿಗೆ ಸೇರುತ್ತದೆ. ಫೈಲ್‌ಗೆ ಅಲ್ಲ. ಎಕ್ಸಿಟ್ ಕೊಟ್ಟು ವಿಂಡೋ ಮುಚ್ಚುವಾಗ ಮಾತ್ರ ಹೊಸ ಸಾಲುಗಳು ಫೈಲ್‌ಗೆ ಹೋಗುತ್ತವೆ. ಹಿಸ್ಟರಿ -ಸಿ ಖಾಲಿ ಮಾಡುವುದು ಮೆಮೊರಿಯನ್ನು ಮಾತ್ರ. ಫೈಲ್ ಹಾಗೇ ಇದೆ. ಹೊಸ ವಿಂಡೋ ಆ ಫೈಲನ್ನೇ ಓದುತ್ತದೆ. ನೀವು ಕಂಡದ್ದು ಅದನ್ನೇ.

ಮೆಮೊರಿಯಲ್ಲಿ ಇರುವುದನ್ನು ಫೈಲ್ ಮೇಲೆ ಬರೆಯಲು ಹಿಸ್ಟರಿ -ಡಬ್ಲ್ಯೂ ಇದೆ. ಮೊದಲು -ಸಿ, ಆಮೇಲೆ -ಡಬ್ಲ್ಯೂ ಕೊಟ್ಟರೆ ಖಾಲಿ ಮೆಮೊರಿ ಫೈಲ್ ಮೇಲೆ ಬಿದ್ದು ಫೈಲೂ ಖಾಲಿ. ನೀವು ಕೇಳಿದ್ದಕ್ಕೆ ನೇರ ಉತ್ತರ ಇದು. ಎರಡೇ ಕಮಾಂಡ್.

ಆದರೆ ಹಾಗೆ ಮಾಡಬೇಡಿ ಎಂಬುದು ನನ್ನ ಸಲಹೆ. ಕಲಿಯುವ ಕಾಲದಲ್ಲಿ ಹಿಸ್ಟರಿಯಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಹೋದ ತಿಂಗಳು ಹೇಗೋ ಒಂದು ಉದ್ದದ ಕಮಾಂಡ್ ಸರಿಯಾಗಿ ಕೂತಿತ್ತು, ಈಗ ಮರೆತಿದೆ. ಕಂಟ್ರೋಲ್-ಆರ್ ಒತ್ತಿ ಅದರ ಒಂದು ತುಂಡು ಟೈಪ್ ಮಾಡಿದರೆ ಎದುರಿಗೆ ಬರುತ್ತದೆ. ಒಂದು ಸಾಲಿನ ಪಾಸ್‌ವರ್ಡ್‌ಗೋಸ್ಕರ ಸಾವಿರ ಸಾಲಿನ ಅನುಭವ ಎಸೆಯುವುದು ನಷ್ಟದ ವ್ಯಾಪಾರ. ಇನ್ನೊಂದು ಮಾತು: ನಿಮ್ಮದಲ್ಲದ ಸರ್ವರ್‌ನಲ್ಲಿ ಹಿಸ್ಟರಿ ಪೂರ್ತಿ ಖಾಲಿ ಇದ್ದರೆ ನೋಡಿಕೊಳ್ಳುವವರಿಗೆ ಅನುಮಾನ ಬರುವುದೇ ಜಾಸ್ತಿ. ಅಲ್ಲಿ ಕಮಾಂಡ್‌ಗಳನ್ನು ಬೇರೆ ಕಡೆಯೂ ದಾಖಲು ಮಾಡುತ್ತಿರಬಹುದು. ಹಿಸ್ಟರಿ ಅಳಿಸಿದ ಮಾತ್ರಕ್ಕೆ ಮಾಡಿದ್ದು ಮುಚ್ಚಿಹೋಗುವುದಿಲ್ಲ.

ಹಾಗಾಗಿ ಆ ಒಂದು ಸಾಲನ್ನು ಮಾತ್ರ ತೆಗೆಯೋಣ. ಮಾಡುವ ಕ್ರಮ ಮುಖ್ಯ.

ಮೊದಲು ತೆರೆದಿರುವ ಟರ್ಮಿನಲ್ ವಿಂಡೋಗಳನ್ನೆಲ್ಲ ಎಕ್ಸಿಟ್ ಕೊಟ್ಟು ಮುಚ್ಚಿ. ಯಾಕೆ? ಪ್ರತಿ ವಿಂಡೋಗೂ ತನ್ನದೇ ಮೆಮೊರಿ. ನೀವು ಒಂದರಲ್ಲಿ ಫೈಲ್ ಶುದ್ಧ ಮಾಡಿದಿರಿ, ಪಾಸ್‌ವರ್ಡ್ ಹೊಡೆದದ್ದು ಇನ್ನೊಂದರಲ್ಲಿ ಎಂದಿಟ್ಟುಕೊಳ್ಳಿ. ಸಂಜೆ ಆ ಇನ್ನೊಂದನ್ನು ಮುಚ್ಚುತ್ತೀರಿ. ಅದು ತನ್ನ ಹೊಸ ಸಾಲುಗಳನ್ನು ಫೈಲ್‌ನ ಕೊನೆಗೆ ಸೇರಿಸುತ್ತದೆ. ಪಾಸ್‌ವರ್ಡ್ ವಾಪಸ್! ಹಿಂದುಗಡೆ ಓಡುತ್ತಿರುವ ಟಿಮಕ್ಸ್ ಅಥವಾ ಅದರಂಥದ್ದೇ ಸ್ಕ್ರೀನ್ ಎಂಬ ಪ್ರೋಗ್ರಾಮಿನ ಸೆಷನ್‌ಗಳನ್ನೂ ಮರೆಯಬೇಡಿ. ಅವುಗಳೊಳಗೂ ಶೆಲ್ ಇರುತ್ತದೆ, ವಾರಗಟ್ಟಲೆ ಬದುಕಿರುತ್ತದೆ.

ಈಗ ಒಂದೇ ಒಂದು ಹೊಸ ವಿಂಡೋ ತೆರೆಯಿರಿ. ಹಿಸ್ಟರಿ ಎಂದು ಬರೆದು, ಪೈಪ್ ಗುರುತು ಹಾಕಿ, ಗ್ರೆಪ್ ಮೈಎಸ್‌ಕ್ಯೂಎಲ್ ಎಂದು ಕೊಡಿ. ಗ್ರೆಪ್ ಎಂದರೆ ಕೊಟ್ಟ ಪದ ಇರುವ ಸಾಲುಗಳನ್ನು ಮಾತ್ರ ತೋರಿಸುವ ಕಮಾಂಡ್. ಇಲ್ಲಿ ಬಹಳ ಜನ ಎಡವುತ್ತಾರೆ. ಪಾಸ್‌ವರ್ಡನ್ನೇ ಗ್ರೆಪ್‌ಗೆ ಕೊಟ್ಟು ಹುಡುಕುತ್ತಾರೆ. ಆ ಹುಡುಕುವ ಕಮಾಂಡ್ ಕೂಡ ಹಿಸ್ಟರಿಗೆ ಸೇರುತ್ತದೆ! ಇದ್ದ ಒಂದು ಸಾಲು ಎರಡಾಗುತ್ತದೆ. ಅದಕ್ಕೇ ಪಾಸ್‌ವರ್ಡ್ ಬಿಟ್ಟು ಪ್ರೋಗ್ರಾಮಿನ ಹೆಸರು ಹುಡುಕಿ.

ಪ್ರತಿ ಸಾಲಿನ ಹಿಂದೆ ಒಂದು ನಂಬರ್ ಕಾಣುತ್ತದೆ. 412 ಮತ್ತು 430ನೇ ಸಾಲಲ್ಲಿ ಪಾಸ್‌ವರ್ಡ್ ಇದೆ ಎನ್ನಿ. ಮೊದಲು ಹಿಸ್ಟರಿ -ಡಿ 430, ಆಮೇಲೆ ಹಿಸ್ಟರಿ -ಡಿ 412. ಕೆಳಗಿನಿಂದ ಮೇಲಕ್ಕೇ ಹೋಗಬೇಕು. 412ನ್ನು ಮೊದಲು ತೆಗೆದರೆ ಅದರ ನಂತರದ್ದೆಲ್ಲ ಒಂದೊಂದು ನಂಬರ್ ಹಿಂದಕ್ಕೆ ಸರಿಯುತ್ತದೆ, 430 ಈಗ 429 ಆಗಿರುತ್ತದೆ. ನೀವು 430 ಎಂದು ಕೊಟ್ಟು ಪಾಪದ ಯಾವುದೋ ಸಾಲನ್ನು ಹೊಡೆದುಹಾಕುತ್ತೀರಿ. ಸಾಲಾಗಿ ಹತ್ತಿಪ್ಪತ್ತು ತೆಗೆಯಬೇಕಿದ್ದರೆ ಬ್ಯಾಶ್ 5.0ರಿಂದ ಈಚೆಗೆ ಹಿಸ್ಟರಿ -ಡಿ 412-430 ಎಂದು ಒಟ್ಟಿಗೇ ಕೊಡಬಹುದು.

ತೆಗೆದ ಮೇಲೆ ಹಿಸ್ಟರಿ -ಡಬ್ಲ್ಯೂ. ಇದನ್ನು ಬಿಟ್ಟರೆ ಅಷ್ಟೂ ಕೆಲಸ ನೀರುಪಾಲು. ಕೊನೆಗೆ ಮತ್ತೊಂದು ವಿಂಡೋ ತೆರೆದು ಅದೇ ಗ್ರೆಪ್ ಕೊಟ್ಟು ನೋಡಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ ಬೇಕು. ಉಬುಂಟುವಿನಲ್ಲಿ ಹೊಸ ಬಳಕೆದಾರರಿಗೆ ಸಿಗುವ ಸೆಟ್ಟಿಂಗ್ ಪ್ರಕಾರ ಮೆಮೊರಿಯಲ್ಲಿ 1000 ಸಾಲು, ಫೈಲ್‌ನಲ್ಲಿ 2000 ಸಾಲು. ಅಂದರೆ ಫೈಲ್ ತುಂಬಿದ್ದರೆ ಹಿಸ್ಟರಿ ಕಮಾಂಡ್‌ಗೆ ಕಾಣುವುದು ಈಚಿನ ಅರ್ಧ ಮಾತ್ರ. ನೀವು -ಡಬ್ಲ್ಯೂ ಕೊಟ್ಟರೆ ಆ ಸಾವಿರ ಸಾಲು ಪೂರ್ತಿ ಫೈಲಿನ ಜಾಗಕ್ಕೆ ಬರುತ್ತದೆ, ಹಳೆಯ ಸಾವಿರ ಹೋಗಿಬಿಡುತ್ತದೆ. ಹಳೆಯದೂ ಬೇಕು ಎನ್ನುವವರು ಅಥವಾ ಪಾಸ್‌ವರ್ಡ್ ಆ ಹಳೆಯ ಅರ್ಧದಲ್ಲಿದ್ದರೆ ಫೈಲನ್ನು ನೇರವಾಗಿ ನ್ಯಾನೋ ಎಡಿಟರ್‌ನಲ್ಲಿ ತೆರೆದು ಆ ಸಾಲು ಅಳಿಸಿ ಸೇವ್ ಮಾಡುವುದು ಒಳ್ಳೆಯದು. ಅದು ಬರೀ ಟೆಕ್ಸ್ಟ್ ಫೈಲ್, ಹೆದರುವಂಥದ್ದು ಏನೂ ಇಲ್ಲ. ಆಗಲೂ ಬೇರೆ ವಿಂಡೋಗಳು ಮುಚ್ಚಿರಬೇಕು.

ಪಾಸ್‌ವರ್ಡ್ ಈಗಷ್ಟೇ ಹೊಡೆದಿರಿ, ವಿಂಡೋ ಇನ್ನೂ ಮುಚ್ಚಿಲ್ಲ ಎಂದಾದರೆ ಕೆಲಸ ಸಲೀಸು. ಅದು ಮೆಮೊರಿಯಲ್ಲಿ ಮಾತ್ರ ಇದೆ. ನಂಬರ್ ನೋಡಿ -ಡಿ ಕೊಟ್ಟರೆ ಮುಗಿಯಿತು, ಫೈಲ್‌ಗೆ ಹೋಗುವುದೇ ಇಲ್ಲ. ಪ್ರತಿ ಕಮಾಂಡ್ ಆದ ತಕ್ಷಣ ಫೈಲ್‌ಗೆ ಬರೆಯುವಂತೆ, ಅಂದರೆ ಹಿಸ್ಟರಿ -ಎ ತಾನಾಗಿಯೇ ಓಡುವಂತೆ, ಯಾರಾದರೂ ಹೊಂದಿಸಿದ್ದರೆ ಮಾತ್ರ ಈ ಮಾತು ನಡೆಯುವುದಿಲ್ಲ.

ಕಂಪ್ಯೂಟರ್ ಇನ್ನೊಬ್ಬರೂ ಬಳಸುತ್ತಾರೆ ಎಂದಿರಿ. ಒಂದೇ ಲಾಗಿನ್ ಇಬ್ಬರೂ ಬಳಸುತ್ತೀರೋ, ಬೇರೆ ಬೇರೆಯೋ? ಬೇರೆ ಆಗಿದ್ದರೆ ಗಾಬರಿ ಬೇಡ. ಹಿಸ್ಟರಿ ಫೈಲನ್ನು ಸಾಮಾನ್ಯವಾಗಿ ಅದರ ಒಡೆಯ ಮತ್ತು ರೂಟ್ ಬಿಟ್ಟು ಇನ್ಯಾರೂ ಓದಲಾಗುವುದಿಲ್ಲ. ಎಲ್‌ಎಸ್ -ಎಲ್ ಕೊಟ್ಟು ಅನುಮತಿ ನೋಡಿಕೊಳ್ಳಿ. ಬೇರೆಯವರಿಗೂ ಓದುವ ಹಕ್ಕು ಕಂಡರೆ ಸಿಎಚ್‌ಮಾಡ್ 600 ಕೊಡಿ. ಒಂದೇ ಲಾಗಿನ್ ಆಗಿದ್ದರೆ, ಮೊದಲು ಬೇರೆ ಲಾಗಿನ್ ಮಾಡಿಕೊಳ್ಳಿ. ಅದಿಲ್ಲದೆ ದಿನಾ ಹಿಸ್ಟರಿ ಅಳಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಬೇರೆ ಶೆಲ್ ಬಳಸುವವರಿಗೆ ಬೇಗ ಹೇಳಿಬಿಡುತ್ತೇನೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಜೆಡ್‌ಶೆಲ್ ಮಾಮೂಲಿ ಶೆಲ್. ಅದರಲ್ಲಿ ಹಿಸ್ಟರಿ -ಸಿ ಕೊಟ್ಟರೆ ತಪ್ಪು ಆಯ್ಕೆ ಎಂದು ಬೈಯುತ್ತದೆ. ಹೋಮ್ ಫೋಲ್ಡರ್‌ನಲ್ಲಿರುವ .ಜೆಡ್‌ಎಸ್‌ಎಚ್_ಹಿಸ್ಟರಿ ಫೈಲ್ ತೆರೆದು ಸಾಲು ಅಳಿಸಬೇಕು. ಮ್ಯಾಕ್‌ನ ಸ್ವಂತ ಟರ್ಮಿನಲ್ ಪ್ರತಿ ವಿಂಡೋದ ಹಿಸ್ಟರಿಯನ್ನು .ಜೆಡ್‌ಎಸ್‌ಎಚ್_ಸೆಷನ್ಸ್ ಎಂಬ ಫೋಲ್ಡರ್‌ನಲ್ಲೂ ಇಡುತ್ತದೆ, ಅದನ್ನು ನೋಡದಿದ್ದರೆ ಕೆಲಸ ಅರ್ಧವೇ. ಫಿಶ್ ಶೆಲ್ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಣ: ಹಿಸ್ಟರಿ ಡಿಲೀಟ್ ಎಂದು ಒಂದು ತುಂಡು ಪದ ಕೊಟ್ಟರೆ ಹೊಂದುವ ಸಾಲುಗಳನ್ನು ತೋರಿಸಿ ಯಾವುದು ಬೇಡ ಎಂದು ಕೇಳುತ್ತದೆ. ಹಿಸ್ಟರಿ ಕ್ಲಿಯರ್ ಕೊಟ್ಟರೆ ಒಮ್ಮೆ ಖಚಿತ ಮಾಡಿಕೊಂಡು ಎಲ್ಲ ತೆಗೆಯುತ್ತದೆ.

ವಿಂಡೋಸ್‌ನ ಹಳೇ ಕಮಾಂಡ್ ಪ್ರಾಂಪ್ಟ್ ಇನ್ನೂ ಸರಳ. ಸಿಎಲ್‌ಎಸ್ ಸ್ಕ್ರೀನ್‌ಗೆ, ಆಲ್ಟ್-ಎಫ್7 ಹಿಸ್ಟರಿಗೆ. ಏನೂ ಮಾಡದಿದ್ದರೂ ವಿಂಡೋ ಮುಚ್ಚಿದರೆ ಹಿಸ್ಟರಿ ಹೋಯಿತು. ಪವರ್‌ಶೆಲ್ ಹಾಗಲ್ಲ, ಅಲ್ಲಿ ಎಡವುವ ಜಾಗ ಒಂದಿದೆ. ಕ್ಲಿಯರ್-ಹಿಸ್ಟರಿ ಎಂಬ ಕಮಾಂಡ್ ಇದೆ, ಕೊಟ್ಟರೆ ಗೆಟ್-ಹಿಸ್ಟರಿ ಪಟ್ಟಿ ಖಾಲಿ ಕಾಣುತ್ತದೆ. ಬಾಣದ ಕೀ ಒತ್ತಿದರೆ ಎಲ್ಲ ಹಾಗೇ ಇದೆ! ಬಾಣದ ಕೀಗೆ ಉತ್ತರ ಕೊಡುವುದು ಪಿಎಸ್‌ರೀಡ್‌ಲೈನ್ ಎಂಬ ಬೇರೆ ಮಾಡ್ಯೂಲ್. ಅದು ಕನ್ಸೋಲ್‌ಹೋಸ್ಟ್_ಹಿಸ್ಟರಿ ಎಂಬ ಟೆಕ್ಸ್ಟ್ ಫೈಲ್‌ನಲ್ಲಿ ತನ್ನದೇ ಲೆಕ್ಕ ಇಡುತ್ತದೆ. ಗೆಟ್-ಪಿಎಸ್‌ರೀಡ್‌ಲೈನ್‌ಆಪ್ಷನ್ ಎಂದು ಕೊಟ್ಟರೆ ಬರುವ ಪಟ್ಟಿಯಲ್ಲಿ ಹಿಸ್ಟರಿಸೇವ್‌ಪಾತ್ ಎಂಬ ಸಾಲಿನಲ್ಲಿ ಆ ಫೈಲ್‌ನ ವಿಳಾಸ ಸಿಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಬೇಡದ ಸಾಲು ಅಳಿಸಿ. ತೆರೆದಿರುವ ವಿಂಡೋದ ನೆನಪಿನಿಂದ ತೆಗೆಯಲು ಇಲ್ಲೂ ಆಲ್ಟ್-ಎಫ್7.

ಮುಂದಕ್ಕೆ ಈ ತಲೆನೋವು ಬರದಂತೆ ಮಾಡುವುದು ಸುಲಭ. ಉಬುಂಟು, ಡೆಬಿಯನ್‌ಗಳಲ್ಲಿ ಕಮಾಂಡ್ ಶುರುವಾಗುವ ಮುಂಚೆ ಒಂದು ಸ್ಪೇಸ್ ಬಿಟ್ಟರೆ ಬ್ಯಾಶ್ ಆ ಸಾಲನ್ನು ಹಿಸ್ಟರಿಗೆ ಸೇರಿಸುವುದೇ ಇಲ್ಲ. ಹೋಮ್‌ನಲ್ಲಿರುವ .ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ದೊಡ್ಡಕ್ಷರದ ಹಿಸ್ಟ್‌ಕಂಟ್ರೋಲ್‌ಗೆ ಇಗ್ನೋರ್‌ಬೋತ್ ಎಂಬ ಬೆಲೆ ಮೊದಲೇ ಕೊಟ್ಟಿರುವುದರಿಂದ ಹೀಗಾಗುತ್ತದೆ. ಎಲ್ಲ ಲಿನಕ್ಸ್‌ಗಳಲ್ಲೂ ಹೀಗಿರುವುದಿಲ್ಲ. ನಂಬುವ ಮೊದಲು ಒಂದು ಸ್ಪೇಸ್ ಬಿಟ್ಟು ಎಕೋ ಪರೀಕ್ಷೆ ಎಂದು ಹೊಡೆದು, ಮೇಲಿನ ಬಾಣ ಒತ್ತಿ ನೋಡಿ. ಅದು ಬಂದರೆ ಸೆಟ್ಟಿಂಗ್ ಇಲ್ಲ ಎಂದರ್ಥ, ಹಿಸ್ಟ್‌ಕಂಟ್ರೋಲ್‌ನ ಆ ಸಾಲನ್ನು .ಬ್ಯಾಶ್‌ಆರ್‌ಸಿಗೆ ನೀವೇ ಸೇರಿಸಿಕೊಳ್ಳಿ. ಜೆಡ್‌ಶೆಲ್‌ನಲ್ಲಿ ಇದೇ ಕೆಲಸಕ್ಕೆ ಸೆಟ್‌ಆಪ್ಟ್ ಹಿಸ್ಟ್_ಇಗ್ನೋರ್_ಸ್ಪೇಸ್ ಬೇಕು. ಅಲ್ಲಿ ಮುಂದಿನ ಕಮಾಂಡ್ ಹೊಡೆಯುವವರೆಗೂ ಆ ಸಾಲು ಬಾಣಕ್ಕೆ ಸಿಗುತ್ತಿರುತ್ತದೆ, ಸೆಟ್ಟಿಂಗ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಒಂದಷ್ಟು ಹೊತ್ತು ಏನೂ ದಾಖಲಾಗಬಾರದು ಎಂದಾದರೆ ಬ್ಯಾಶ್‌ನಲ್ಲಿ ಸೆಟ್ +ಓ ಹಿಸ್ಟರಿ. ಕೆಲಸ ಮುಗಿದ ಮೇಲೆ ಸೆಟ್ -ಓ ಹಿಸ್ಟರಿ. ಪ್ಲಸ್ ಎಂದರೆ ನಿಲ್ಲಿಸು, ಮೈನಸ್ ಎಂದರೆ ಶುರು ಮಾಡು. ತಲೆಕೆಳಗಾಗಿದೆ ನಿಜ, ಶೆಲ್‌ನಲ್ಲಿ ಹೀಗೇ. ಹಿಸ್ಟರಿ ಫೈಲನ್ನು ಡೆವ್ ನಲ್‌ಗೆ (ಬರೆದದ್ದೆಲ್ಲ ಮಾಯವಾಗುವ ಫೈಲ್) ಕೊಂಡಿ ಹಾಕಿ ಯಾವತ್ತೂ ಏನೂ ಉಳಿಯದಂತೆ ಮಾಡಿ ಎಂಬ ಸಲಹೆಯೂ ನಿಮಗೆ ಸಿಗಬಹುದು. ಕಂಟ್ರೋಲ್-ಆರ್ ರುಚಿ ಹತ್ತಿದವರು ಯಾರೂ ಅದನ್ನು ಮಾಡುವುದಿಲ್ಲ.

ಸ್ಪೇಸ್ ಉಪಾಯಕ್ಕಿಂತ ಒಳ್ಳೆಯದು ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲಿ ಹಾಕದೇ ಇರುವುದು. ಮೈಎಸ್‌ಕ್ಯೂಎಲ್‌ಗೆ -ಪಿ ಎಂದಷ್ಟೇ ಕೊಟ್ಟು ಎಂಟರ್ ಒತ್ತಿ. ಪಾಸ್‌ವರ್ಡ್ ಅದೇ ಕೇಳುತ್ತದೆ, ಟೈಪ್ ಮಾಡಿದ್ದು ಸ್ಕ್ರೀನ್ ಮೇಲೂ ಕಾಣುವುದಿಲ್ಲ, ಹಿಸ್ಟರಿಗೂ ಹೋಗುವುದಿಲ್ಲ. ವೆಬ್ ವಿಳಾಸದಿಂದ ಮಾಹಿತಿ ತರುವ ಕರ್ಲ್ ಕಮಾಂಡ್‌ನಲ್ಲಿ -ಯು ಆದ ಮೇಲೆ ಬಳಕೆದಾರರ ಹೆಸರು ಮಾತ್ರ ಕೊಟ್ಟರೆ ಅದೂ ಹೀಗೇ ಕೇಳುತ್ತದೆ. ಟೋಕನ್ (ಪಾಸ್‌ವರ್ಡ್‌ನಂತೆ ಬಳಸುವ ಗುಟ್ಟಿನ ಸಂಕೇತ) ಒಂದನ್ನು ವೇರಿಯಬಲ್‌ನಲ್ಲಿ ಇಡಬೇಕಿದ್ದರೆ ಎಕ್ಸ್‌ಪೋರ್ಟ್ ಎಂದು ಬರೆದು ಪಕ್ಕದಲ್ಲಿ ಅಂಟಿಸಬೇಡಿ, ಆ ಸಾಲೂ ಹಿಸ್ಟರಿಗೆ ಹೋಗುತ್ತದೆ. ರೀಡ್ -ಎಸ್ ಎಂದು ವೇರಿಯಬಲ್ ಹೆಸರು ಕೊಟ್ಟು ಎಂಟರ್ ಒತ್ತಿ, ಆಮೇಲೆ ಟೋಕನ್ ಅಂಟಿಸಿ.

ನಿಮ್ಮ ವಿಷಯದಲ್ಲಿ ಇನ್ನೊಂದು ಜಾಗ ನೋಡುವುದು ಬಾಕಿ ಇದೆ. ಮೈಎಸ್‌ಕ್ಯೂಎಲ್ ಒಳಗೆ ಹೊಡೆದ ಸಾಲುಗಳಿಗೆ ಹೋಮ್ ಫೋಲ್ಡರ್‌ನಲ್ಲಿ .ಮೈಎಸ್‌ಕ್ಯೂಎಲ್_ಹಿಸ್ಟರಿ ಎಂಬ ಬೇರೆ ಫೈಲ್ ಇದೆ. ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್‌ಗೆ, ಪೈಥಾನ್‌ಗೆ ಕೂಡ ಇಂಥದ್ದೇ ಒಂದೊಂದು. ಬ್ಯಾಶ್ ಹಿಸ್ಟರಿ ಎಷ್ಟೇ ಉಜ್ಜಿದರೂ ಇವು ಮಿಸುಕುವುದಿಲ್ಲ. ಐಡೆಂಟಿಫೈಡ್, ಪಾಸ್‌ವರ್ಡ್ ಎಂಬ ಪದಗಳಿರುವ ಸಾಲುಗಳನ್ನು ಮೈಎಸ್‌ಕ್ಯೂಎಲ್ ತಾನಾಗಿಯೇ ಬಿಟ್ಟುಬಿಡುತ್ತದೆ. ಆದರೆ ನಿಮ್ಮದೇ ಟೇಬಲ್‌ಗೆ ಗುಟ್ಟಿನ ಮಾಹಿತಿ ತುಂಬಿದ ಸಾಲುಗಳನ್ನು ಅದು ಹೇಗೆ ಗುರುತಿಸೀತು? ಎಲ್‌ಎಸ್ -ಎ ಕೊಟ್ಟು ಹಿಸ್ಟರಿ ಎಂದು ಕೊನೆಯಾಗುವ ಫೈಲ್‌ಗಳನ್ನೆಲ್ಲ ಒಮ್ಮೆ ತೆರೆದು ನೋಡಿ.